ಮೊದಲು ಬಗ್ಗೋಣ, ಆಮೇಲೆ ಕೊಳ್ಳೋಣ

ಕಳೆದ ಜುಲೈನ ಒಂದು ಭಾನುವಾರ, ಬೆಳಿಗ್ಗೆ ಆರು ಗಂಟೆ. ಚಾಮರಾಜನಗರ–ಗುಂಡ್ಲುಪೇಟೆ ರಸ್ತೆಯಲ್ಲಿ ನಾವು ಒಂಬತ್ತು ಜನ ಸೈಕಲ್ ಹಿಡಿದುಕೊಂಡು ಸಾಲಾಗಿ ನಿಂತಿದ್ವಿ. ತೆರಕಣಾಂಬಿ ಕಡೆಗೆ ಹತ್ತು ಕಿಲೋಮೀಟರ್ ಹೋಗಬೇಕು, ಅಲ್ಲಿಂದ ತಿರುಗಿ ಹತ್ತು ಕಿಲೋಮೀಟರ್ ವಾಪಸ್ ಬರಬೇಕು. ನಿಮಿಷಕ್ಕೊಬ್ಬರಂತೆ ಹೊರಡೋದು, ಮುಂದಿನವನ ಬೆನ್ನಿಗೆ ಅಂಟಿಕೊಂಡು ಗಾಳಿ ತಪ್ಪಿಸಿಕೊಳ್ಳುವಂತಿಲ್ಲ, ಕಡಿಮೆ ಟೈಮ್ ತಗೊಂಡವನು ಗೆದ್ದ. ಟೈಮ್ ಟ್ರಯಲ್ ಅಂದ್ರೆ ಇಷ್ಟೇ. ಕನ್ನಡದಲ್ಲಿ ಏನಂತ ಕರೀಬೇಕು ಅಂತ ಒಂದು ಸಂಜೆ ಪೂರ್ತಿ ಕೂತು ಯೋಚಿಸಿದ್ವಿ, ಹೊಳೀಲಿಲ್ಲ. ಇಂಗ್ಲಿಷ್ ಮೀಡಿಯಮ್ಮಿನವರ ಹಣೆಬರಹ, ಕ್ಷಮಿಸಿ.

ಹತ್ತನೆಯವನೊಬ್ಬ ಬರಬೇಕಿತ್ತು. ಫಸ್ಟ್ ಇಯರ್ ಹುಡುಗ, ಹತ್ತಿರದ ಹಳ್ಳಿಯವನು, ಅಪ್ಪನ ಹಳೇ ಸ್ಟೀಲ್ ಸೈಕಲ್ಲಿನಲ್ಲೇ ದಿನಾ ಕಾಲೇಜಿಗೆ ಬಂದುಹೋಗೋನು. ಬಂದ ಕೂಡ. ಬಂದು ನಮ್ಮ ಸಾಲನ್ನು ನೋಡಿದ. ಒಬ್ಬನ ತಲೆ ಮೇಲೆ ಹಿಂದೆ ಬಾಲ ಇರೋ ಹೆಲ್ಮೆಟ್. ಇನ್ನೊಬ್ಬನ ಹ್ಯಾಂಡಲ್ ಮೇಲೆ ಮುಂದಕ್ಕೆ ಚಾಚಿಕೊಂಡಿರೋ ಏರೋ ಬಾರ್. ಮತ್ತೊಬ್ಬನ ಸೈಕಲ್ಲಿಗೆ ಅಂಗೈ ಅಗಲದ ಕಪ್ಪು ಕಾರ್ಬನ್ ರಿಮ್. 'ಬುಡಿ ಅಣ್ಣ, ಇದ್ರ ಮುಂದೆ ನಂದೆಲ್ಲಿ' ಅಂದವನೇ ಸೈಕಲ್ ತಿರುಗಿಸಿಕೊಂಡು ಹೊರಟುಹೋದ. ನಾವು ಕೂಗಿದ್ವಿ, ನಿಲ್ಲಲಿಲ್ಲ. ಹೋದ ಸ್ಪೀಡ್ ನೋಡಿ ನಮ್ಮಲ್ಲೊಬ್ಬ ಮೆಲ್ಲಗೆ ಅಂದ: 'ಮಗಾ, ಇವತ್ತು ಗೆಲ್ಲಬೇಕಾಗಿದ್ದೋನು ಮನೆಗೆ ಹೋಗ್ತಾ ಇದಾನೆ.'

ಆ ಮಾತು ಆವತ್ತಿಂದ ನಮ್ಮನ್ನ ಬಿಟ್ಟಿಲ್ಲ. ಈ ಲೇಖನ ಅದರ ಬಗ್ಗೆಯೇ. ಏರೋ ಸಾಮಾನು ಸುಳ್ಳು, ಬರೀ ಶೋಕಿ ಅಂತ ಹೇಳೋಕೆ ನಾವು ಹೊರಟಿಲ್ಲ. ಅದು ಕೆಲಸ ಮಾಡುತ್ತೆ, ಚೆನ್ನಾಗೇ ಮಾಡುತ್ತೆ. ತೊಂದರೆ ಇರೋದೇ ಅಲ್ಲಿ.

ಮೊದಲು ಲೆಕ್ಕ. ಮೂರನೇ ಸೆಮಿಸ್ಟರಿನ ಫ್ಲೂಯಿಡ್ ಮೆಕ್ಯಾನಿಕ್ಸ್ ಎಕ್ಸಾಮ್ ಮುಗಿದ ಮರುದಿನವೇ ಮರೆತಿದ್ದ ಡ್ರ್ಯಾಗ್ ಸೂತ್ರ ನಮಗೆ ನಿಜವಾಗಿ ಅರ್ಥವಾಗಿದ್ದು ಈ ರಸ್ತೆಯಲ್ಲಿ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತೆ, ಅದನ್ನು ಮೀರೋಕೆ ಬೇಕಾದ ಪವರ್ ವೇಗದ ಘನಕ್ಕೆ ತಕ್ಕಂತೆ. ಉಳಿದದ್ದನ್ನೆಲ್ಲ ತೀರ್ಮಾನ ಮಾಡೋದು ಸಿಡಿಎ ಅನ್ನೋ ಒಂದು ಸಂಖ್ಯೆ. ಗಾಳಿಗೆ ಎದುರಾಗಿ ನಾವು ಎಷ್ಟು ಅಗಲ ಕಾಣ್ತೀವಿ, ನಮ್ಮ ಆಕಾರ ಎಷ್ಟು ಒರಟು, ಎರಡನ್ನೂ ಗುಣಿಸಿದ್ದು. ಮಾಮೂಲಿ ರೇಸಿಂಗ್ ಸೈಕಲ್ಲಿನಲ್ಲಿ ಬ್ರೇಕ್ ಮೇಲೆ ಕೈ ಇಟ್ಟು ನೆಟ್ಟಗೆ ಕೂತರೆ ಅದು 0.36ರ ಹತ್ತಿರ ಅಂತಿಟ್ಟುಕೊಳ್ಳಿ. ಸೈಕಲ್ಲೂ ಸವಾರನೂ ಸೇರಿ 80 ಕೆಜಿ. ನಮ್ಮೂರು ಸಮುದ್ರಮಟ್ಟದಿಂದ ಏಳೆಂಟು ನೂರು ಮೀಟರ್ ಮೇಲಿರೋದರಿಂದ ಗಾಳಿಯ ಸಾಂದ್ರತೆ ಪುಸ್ತಕದಲ್ಲಿರೋ 1.225 ಅಲ್ಲ, ಬೆಳಗಿನ ತಂಪಿನಲ್ಲಿ 1.1ರ ಆಸುಪಾಸು. ಹತ್ತು ಪರ್ಸೆಂಟ್ ಪುಕ್ಕಟೆ ಡಿಸ್ಕೌಂಟ್! ಮರ್ಕ್ಸ್ ಅನ್ನೋ ಬೆಲ್ಜಿಯಮ್ಮಿನ ದೊರೆ ಒಂದು ಗಂಟೆಯ ದಾಖಲೆ ಮಾಡೋಕೆ ಎರಡು ಸಾವಿರ ಮೀಟರಿಗೂ ಎತ್ತರದ ಮೆಕ್ಸಿಕೋ ಸಿಟಿಗೆ ಹೋಗಿದ್ದು ಇದೇ ಡಿಸ್ಕೌಂಟಿಗೆ.

ಸಮತಟ್ಟು ರಸ್ತೆ, ಗಾಳಿ ಬೀಸ್ತಾ ಇಲ್ಲ, ಗಂಟೆಗೆ 32 ಕಿ.ಮೀ. ಹೋಗಬೇಕು. ನಮ್ಮ ಲೆಕ್ಕದ ಪ್ರಕಾರ ಟೈರ್ ಉರುಳಿಸೋಕೆ ಸುಮಾರು 42 ವ್ಯಾಟ್, ಗಾಳಿ ಸೀಳೋಕೆ 139 ವ್ಯಾಟ್. ಒಟ್ಟು 181ರಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಗಾಳಿಗೇ ಹೋಯ್ತು. ಈಗ ಅದೇ ಸೈಕಲ್, ಅದೇ ಕಾಲು, ಅದೇ 181 ವ್ಯಾಟ್. ಬಾಗಿದ ಹ್ಯಾಂಡಲ್ಲಿನ ಕೆಳಭಾಗ ಹಿಡಿದು, ಮೊಣಕೈ ಮಡಚಿ, ತಲೆ ತಗ್ಗಿಸಿ, ಮೈಗೆ ಅಂಟೋ ಬಟ್ಟೆ ಹಾಕಿ ಸಿಡಿಎ 0.30ಕ್ಕೆ ಇಳಿಸಿದ್ವಿ ಅನ್ನಿ. ವೇಗ 33.8ಕ್ಕೆ ಏರುತ್ತೆ. 20 ಕಿ.ಮೀ. ದೂರಕ್ಕೆ 37 ನಿಮಿಷ 30 ಸೆಕೆಂಡ್ ಆಗ್ತಿದ್ದದ್ದು 35:30 ಆಗುತ್ತೆ. ಎರಡು ನಿಮಿಷ. ಖರ್ಚು ಸೊನ್ನೆ, ಸೊಂಟನೋವು ಮಾತ್ರ ಎಕ್ಸ್‌ಟ್ರಾ.

ಏರೋ ಬಾರ್ ಹಾಕಿ, ಮುಂಗೈ ಊರಿ, ತೋಳುಗಳನ್ನ ಎದೆ ಮುಂದೆ ಕೂಡಿಸಿ 0.26ಕ್ಕೆ ತಂದರೆ ಇನ್ನೂ ಒಂದೂವರೆ ನಿಮಿಷ ಉಳಿಯುತ್ತೆ. ಆದರೆ ಕಾರ್ಬನ್ ವ್ಹೀಲ್ ಸಿಡಿಎಯನ್ನ 0.005ರಷ್ಟು ಇಳಿಸುತ್ತೆ ಅಂತ ಲೆಕ್ಕ ಹಾಕಿದರೆ ಸಿಗೋದು ಹತ್ತು ಸೆಕೆಂಡ್. ಅದರ ಬೆಲೆಯಲ್ಲಿ ನಮ್ಮ ಹಾಸ್ಟೆಲ್ಲಿನವರು ಇಡೀ ವರ್ಷ ಮೆಸ್ ಬಿಲ್ ಕಟ್ಟಬಹುದು.

ಅಂದ್ರೆ ಗಾಳಿಯ ಕಣ್ಣಿಗೆ ಸೈಕಲ್ ಚಿಕ್ಕದು, ಅದರ ಮೇಲೆ ಕೂತಿರೋ ಪ್ರಾಣಿ ದೊಡ್ಡದು. ತಡೆಯ ಬಹುಪಾಲು ನಮ್ಮ ಮೈಯಿಂದಲೇ ಬರೋದು. ಅಂಗಡಿಯಲ್ಲಿ ಮಾರೋದು ಮಾತ್ರ ಸೈಕಲ್ಲಿನ ಭಾಗಗಳನ್ನ, ಯಾಕಂದ್ರೆ ಬೆನ್ನು ಬಗ್ಗಿಸೋದನ್ನ ಡಬ್ಬಿಯಲ್ಲಿ ಹಾಕಿ ಮಾರೋಕೆ ಆಗಲ್ಲ.

ಇದಕ್ಕೆ ನಮಗೆ ತುಂಬ ಇಷ್ಟವಾದ ಸಾಕ್ಷಿ 1989ರ ಟೂರ್ ಡಿ ಫ್ರಾನ್ಸ್. ಜುಲೈ 23, ಕೊನೇ ದಿನ, ವರ್ಸೇಲ್ಸಿನಿಂದ ಪ್ಯಾರಿಸ್ಸಿಗೆ 24.5 ಕಿ.ಮೀ. ಟೈಮ್ ಟ್ರಯಲ್. ಫ್ರಾನ್ಸಿನ ಲೊರಾನ್ ಫಿನ್ಯೋ 50 ಸೆಕೆಂಡ್ ಮುಂದಿದ್ದ. ಅಮೆರಿಕದ ಗ್ರೆಗ್ ಲೆಮಾಂಡ್ ಟ್ರಯತ್ಲಾನಿನವರು ಬಳಸ್ತಿದ್ದ ಏರೋ ಬಾರ್ ಹಾಕಿಸಿಕೊಂಡು, ಉದ್ದ ಹೆಲ್ಮೆಟ್ ತೊಟ್ಟು ಬಂದ. ಆವತ್ತು ಫಿನ್ಯೋಗಿಂತ 58 ಸೆಕೆಂಡ್ ಬೇಗ ಮುಗಿಸಿ ಇಡೀ ಟೂರನ್ನ 8 ಸೆಕೆಂಡಿನಲ್ಲಿ ಗೆದ್ದ. ಮೂರು ವಾರ, ಮೂರು ಸಾವಿರ ಕಿಲೋಮೀಟರಿಗೂ ಜಾಸ್ತಿ ತುಳಿದು, ಅಂತರ 8 ಸೆಕೆಂಡ್! ಎಲ್ಲರೂ ಇದನ್ನ 'ಸಾಮಾನು ಗೆಲ್ಲಿಸಿತು' ಅಂತ ಹೇಳ್ತಾರೆ. ಆದರೆ ಆವತ್ತು ಮುಂದೆ ಹಿಂದೆ ಎರಡೂ ಕಡೆ ಡಿಸ್ಕ್ ವ್ಹೀಲ್ ಹಾಕಿದ್ದು ಫಿನ್ಯೋ. ಲೆಮಾಂಡ್ ಹಿಂದೆ ಒಂದೇ ಹಾಕಿದ್ದ. ಫಿನ್ಯೋ ತಲೆ ಬರಿದು, ಜುಟ್ಟು ಗಾಳಿಯಲ್ಲಿ ಹಾರಾಡ್ತಿತ್ತು. ಅವನಿಗೆ ಕೂರೋ ಜಾಗದಲ್ಲಿ ಹುಣ್ಣಾಗಿತ್ತು ಅನ್ನೋದನ್ನೂ ನ್ಯಾಯಕ್ಕೆ ಹೇಳಬೇಕು. ಆದ್ರೂ ವ್ಹೀಲಿಗಿಂತ ಮೈ ಹಿಡಿದ ರೀತಿಯದೇ ಕೈಮೇಲಾಯಿತು ಅಂತ ನಮ್ಮ ವಾದ.

ನಮ್ಮ ಪೈಕಿ ಒಬ್ಬ ಸ್ಕಾಲರ್‌ಶಿಪ್ ದುಡ್ಡಿನಲ್ಲಿ ಸೆಕೆಂಡ್ ಹ್ಯಾಂಡ್ ಕಾರ್ಬನ್ ವ್ಹೀಲ್ ತಗೊಂಡ. ಆ ಅಂಗೈ ಅಗಲದ ರಿಮ್ ಅವನದೇ. ಜುಲೈ ತಿಂಗಳಿನಲ್ಲಿ ಈ ರಸ್ತೆ ಹೇಗಿರುತ್ತೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಗುಂಡ್ಲುಪೇಟೆ ಕಡೆ ಸೂರ್ಯಕಾಂತಿ ಅರಳಿರುತ್ತೆ, ಕಾರು ನಿಲ್ಲಿಸಿ ಫೋಟೊ ತೆಗೆಸಿಕೊಳ್ಳೋರ ಜಾತ್ರೆ. ನೀಲಗಿರಿಯ ಆ ಬದಿಗೆ ಮಳೆ ಸುರಿದು ನಮಗೆ ಬರೋದು ಬರೀ ಗಾಳಿ, ಅದೂ ಪಶ್ಚಿಮದಿಂದ. ಗುಂಡ್ಲುಪೇಟೆ ಇರೋದೂ ನಮಗೆ ಪಶ್ಚಿಮಕ್ಕೇ. ಹೋಗೋವಾಗ ಪೂರ್ತಿ ಎದುರುಗಾಳಿ. ಗಂಟೆಗೆ 15 ಕಿ.ಮೀ. ಗಾಳಿ ಎದುರಿದ್ದಾಗ 25ರಲ್ಲಿ ಹೋಗೋಕೆ ಬೇಕಾಗೋ ಪವರ್, ಗಾಳಿಯಿಲ್ಲದ ದಿನ 32ರಲ್ಲಿ ಹೋಗೋದಕ್ಕಿಂತ ಜಾಸ್ತಿ: ಸುಮಾರು 200 ವ್ಯಾಟ್. ಮಾಡಿ ನೋಡಿ, ಲೆಕ್ಕ ಅಷ್ಟೇ ಬರುತ್ತೆ. ವಾಪಸ್ ಬರೋವಾಗ ಗಾಳಿ ಬೆನ್ನು ತಳ್ಳುತ್ತೆ ನಿಜ, ಆದರೆ ಎದುರಿನಲ್ಲಿ ಕಳಕೊಂಡ ಟೈಮನ್ನ ಪೂರ್ತಿ ವಾಪಸ್ ಕೊಡಲ್ಲ. ನಿಧಾನವಾಗಿ ಹೋಗೋ ದಾರಿಯಲ್ಲಿ ಜಾಸ್ತಿ ಹೊತ್ತು ಇರ್ತೀವಲ್ಲ, ಅದಕ್ಕೆ.

ರಸ್ತೆ ತಿರುಗಿದ ಕಡೆ ಅದೇ ಗಾಳಿ ಪಕ್ಕದಿಂದ ಬಡಿಯುತ್ತೆ. ಮರದ ಸಾಲು ಮುಗಿದು ಬಯಲು ಬಂದ ಕೂಡಲೇ ಫಟ್ ಅಂತ ಹೊಡೆಯುತ್ತೆ. ಆಳದ ರಿಮ್ ಅಂದ್ರೆ ಚಿಕ್ಕದೊಂದು ಹಾಯಿ ಇದ್ದ ಹಾಗೆ, ಮುಂದಿನ ಚಕ್ರವನ್ನೇ ತಿರುಗಿಸಿಬಿಡುತ್ತೆ. ನಮ್ಮ ಗೆಳೆಯ ಹೆದರಿ ಅರ್ಧ ದಾರಿ ನೆಟ್ಟಗೆ ಕೂತ, ಹ್ಯಾಂಡಲ್ ಬಿಗಿಯಾಗಿ ಹಿಡಿದುಕೊಂಡು. ಹತ್ತು ಸೆಕೆಂಡ್ ಉಳಿಸೋಕೆ ತಂದ ವ್ಹೀಲು ಎರಡು ನಿಮಿಷ ಉಳಿಸೋ ಭಂಗಿಯನ್ನೇ ಕಿತ್ತುಕೊಂಡಿತು. ತನ್ನದೇ ಹಳೇ ಟೈಮಿಗಿಂತ ಹಿಂದೆ ಬಿದ್ದ. ಒಂದೇ ಸಲದ ರೇಸಿನಿಂದ ಏನೂ ಸಾಬೀತಾಗಲ್ಲ, ಗಾಳಿ ದಿನಕ್ಕೊಂದು ಥರ ಇರುತ್ತೆ, ಒಪ್ಪಿದ್ವಿ. ಅವನೂ ಹಾಗೇ ವಾದ ಮಾಡ್ತಾನೆ. ಆದರೆ ಆ ಸೆಮಿಸ್ಟರ್ ಪೂರ್ತಿ ನಮ್ಮ ಹತ್ರ ಸಾಲ ಮಾಡ್ಕೊಂಡೇ ತಿಂಡಿ ತಿಂದ, ಅದು ಮಾತ್ರ ಸಾಬೀತಾಗಿದೆ.

ಹಾಗಾದ್ರೆ ಏನು ಕೊಳ್ಳಬೇಕು ಅಂತ ಕೇಳೋರಿಗೆ ನಮ್ಮ ಅನುಭವ. ಮೊದಲು ಬಟ್ಟೆ. ಪಟಪಟ ಅನ್ನೋ ಟೀ ಶರ್ಟಿಗಿಂತ ದೊಡ್ಡ ಕಳ್ಳ ಇನ್ನೊಂದಿಲ್ಲ. ದುಬಾರಿ ಸ್ಕಿನ್‌ಸೂಟ್ ಬೇಡ. ಹೈಸ್ಕೂಲಿನ ಹಳೇ ಕಬಡ್ಡಿ ಜೆರ್ಸಿ ಇದ್ದರೆ ತಗೊಂಡು ಟೈಲರ್ ಹತ್ರ ಹೋಗಿ, ತೋಳು ಮತ್ತು ಪಕ್ಕೆ ಹಿಡಿಸಿ. ನಮಗೆ ಹಾಕಿಕೊಟ್ಟ ಟೈಲರ್ 'ಬಗ್ಗಿ ನಿಲ್ಲಪ್ಪ' ಅಂತ ಹೇಳಿ, ಸೈಕಲ್ ಮೇಲೆ ಕೂರೋ ಭಂಗಿಯಲ್ಲೇ ಅಳತೆ ತಗೊಂಡರು. ನೆಟ್ಟಗೆ ನಿಂತಾಗ ಬಿಗಿ ಅನ್ನಿಸೋ ಬಟ್ಟೆ ಬಗ್ಗಿದಾಗ ಹೊಟ್ಟೆ ಹತ್ರ ಜೋಲು ಬೀಳುತ್ತೆ ಅಂತ ಅವರು ಹೇಳೋ ತನಕ ಮೆಕ್ಯಾನಿಕಲ್ ಬ್ರಾಂಚಿನ ನಮಗೆ ಹೊಳೆದೇ ಇರಲಿಲ್ಲ.

ಆಮೇಲೆ ಟೈರ್. ಗಾಳಿಗೆ ಸಂಬಂಧ ಇಲ್ಲದಿದ್ರೂ ಹೇಳ್ತೀವಿ, ಯಾಕಂದ್ರೆ ಒಳ್ಳೇ ಟೈರಿನಿಂದ ಉರುಳುವ ತಡೆ ಕಾಲು ಭಾಗ ಇಳಿದರೂ 32ರ ವೇಗದಲ್ಲಿ ಹತ್ತು ವ್ಯಾಟ್ ಉಳಿಯುತ್ತೆ, ಬೆಲೆ ವ್ಹೀಲಿನ ಹತ್ತಿರಕ್ಕೂ ಬರಲ್ಲ. ಬಾಲದ ಹೆಲ್ಮೆಟ್ ತಲೆ ಒಂದೇ ಕೋನದಲ್ಲಿ ಇದ್ದರಷ್ಟೇ ಉಪಯೋಗ. ಸುಸ್ತಾಗಿ ತಲೆ ಬಗ್ಗಿಸಿ ನೆಲ ನೋಡಿದ ಕೂಡಲೇ ಬಾಲ ಆಕಾಶಕ್ಕೆ ಎದ್ದು ತಾನೇ ಗಾಳಿ ಹಿಡಿಯುತ್ತೆ. ನಮ್ಮ ಥರ ಹತ್ತನೇ ಕಿಲೋಮೀಟರಿಗೇ ನೆಲ ನೋಡೋರಿಗೆ ಅದು ಬೇಡ.

ಏರೋ ಬಾರ್ ವಿಷಯ ಸ್ವಲ್ಪ ಗಂಭೀರ. ದುಡ್ಡಿಗೆ ತಕ್ಕ ಲಾಭ ಕೊಡೋ ಸಾಮಾನು ಅದೇ, ಮೇಲಿನ ಲೆಕ್ಕದಲ್ಲಿ ನೋಡಿದ್ರಲ್ಲ. ಆದರೆ ಅದನ್ನ ಹಿಡಿದಾಗ ಕೈಗಳು ಬ್ರೇಕಿನಿಂದ ದೂರ ಇರುತ್ತವೆ. ಇದು ರೇಸಿಗೆ ಅಂತ ಮುಚ್ಚಿದ ರಸ್ತೆ ಅಲ್ಲ. ಕ್ವಾರಿ ಟಿಪ್ಪರ್‌ಗಳಿವೆ, ಕುರಿಮಂದೆ ಇದೆ. ಸುಗ್ಗಿ ಟೈಮಿನಲ್ಲಿ ರಸ್ತೆ ಮೇಲೇ ಹುರುಳಿ ಹರಡಿರ್ತಾರೆ, ಅದರ ಮೇಲೆ ಚಕ್ರ ಹೋದರೆ ಜಾರುಬಂಡೆ. ಒಂದು ಟೀ ಅಂಗಡಿಯ ಅಜ್ಜ ನಮ್ಮನ್ನ ನಿಲ್ಲಿಸಿ ಕೇಳಿದ್ರು: 'ಅಲ್ಲ ಕನ್ರಪ್ಪ, ಇಂಗೆ ಮಕ ನೆಲಕ್ಕಾಕೊಂಡು ಓದ್ರೆ ಮುಂದ್ಗಡೆ ಲಾರಿ ಕಂಡದಾ?' ನಮ್ಮ ಹತ್ರ ಉತ್ತರ ಇರಲಿಲ್ಲ. ಈಗಲೂ ಇಲ್ಲ. ಹಾಗಾಗಿ ಈ ರಸ್ತೆಯಲ್ಲಿ ನಡೆಯೋ ನಮ್ಮ ರೇಸುಗಳಲ್ಲಿ ಏರೋ ಬಾರ್ ಬೇಡವೇ ಬೇಡ ಅಂತ ನಮ್ಮಲ್ಲಿ ಎಂಟು ಜನರ ಅಭಿಪ್ರಾಯ. ಒಂಬತ್ತನೆಯವನು, ಅಂದ್ರೆ ಬಾರ್ ಇರೋನು, ಇನ್ನೂ ಒಪ್ಪಿಲ್ಲ.

ಕೊಳ್ಳೋ ಮೊದಲು ಅಳೆಯೋದಕ್ಕೆ ವಿಂಡ್ ಟನೆಲ್ ಬೇಕಾಗಿಲ್ಲ. ವಾಹನ ಕಡಿಮೆ ಇರೋ ಒಂದು ಸಣ್ಣ ಇಳಿಜಾರು ಹುಡುಕಿ. ಗಾಳಿ ಏಳೋಕೆ ಮುಂಚೆ, ನಸುಕಿನಲ್ಲೇ ಹೋಗಿ. ಒಂದೇ ಗುರುತಿನಿಂದ, ಪೆಡಲ್ ತುಳಿಯದೆ ಉರುಳಿ, ಎಲ್ಲಿಗೆ ನಿಂತಿರಿ ಅಂತ ಚಾಕ್‌ಪೀಸಿನಲ್ಲಿ ಗೆರೆ ಹಾಕಿ. ಒಂದು ಸಲ ಸಡಿಲ ಶರ್ಟ್, ಒಂದು ಸಲ ಬಿಗಿ ಜೆರ್ಸಿ, ಒಂದು ಸಲ ನೆಟ್ಟಗೆ, ಒಂದು ಸಲ ಬಗ್ಗಿ. ಪ್ರತಿಯೊಂದನ್ನೂ ಮೂರ್ನಾಲ್ಕು ಸಲ, ಕ್ರಮ ಅದಲುಬದಲು ಮಾಡಿ. ನಾವು ಮಾಡಿದಾಗ ಬಟ್ಟೆಯ ವ್ಯತ್ಯಾಸ ಕಣ್ಣಿಗೇ ಕಾಣ್ತು, ಭಂಗಿಯದಂತೂ ಇನ್ನೂ ಜಾಸ್ತಿ. ವ್ಹೀಲಿನ ವ್ಯತ್ಯಾಸ ಚಾಕ್ ಗೆರೆಗಳ ಗೋಜಲಿನಲ್ಲಿ ಕಳೆದುಹೋಯ್ತು. ಇದನ್ನು ಜರ್ನಲ್ಲಿಗೆ ಕಳಿಸೋಕೆ ಆಗಲ್ಲ, ಮೂವತ್ತು ಸಾವಿರ ಉಳಿಸೋಕೆ ಸಾಕು.

ಈಗ ಆ ಹುಡುಗನ ವಿಷಯಕ್ಕೆ ಬರ್ತೀವಿ. ಬಗ್ಗಿದರೆ ಪುಕ್ಕಟೆ ಎರಡು ನಿಮಿಷ ಅಂತ ನಾವು ಬರೆದುಬಿಟ್ವಿ. ಆದರೆ ಅವನ ಸೈಕಲ್ಲಿನ ಹ್ಯಾಂಡಲ್ ಹಿಂದಕ್ಕೆ ಬಾಗಿರೋದು, ಎದೆ ಸೆಟೆಸಿ ಕೂರೋಕೆ ಅಂತಲೇ ಮಾಡಿರೋದು. ಅದರಲ್ಲಿ ಬಗ್ಗೋಕೆ ಜಾಗವೇ ಇಲ್ಲ. ಅಂದ್ರೆ ನಮ್ಮ ಪುಕ್ಕಟೆಯೂ ಪುಕ್ಕಟೆ ಅಲ್ಲ, ಬಾಗಿದ ಹ್ಯಾಂಡಲ್ಲಿನ ಸೈಕಲ್ ಮೊದಲೇ ಇದ್ದವರಿಗೆ ಮಾತ್ರ ಪುಕ್ಕಟೆ.

ಸಾಮಾನು ಎಷ್ಟು ದೂರ ತಳ್ಳಬಹುದು ಅನ್ನೋದಕ್ಕೆ ಒಬ್ಬನೇ ಮನುಷ್ಯನ ಉದಾಹರಣೆ ಇದೆ. ಇಂಗ್ಲೆಂಡಿನ ಕ್ರಿಸ್ ಬೋರ್ಡ್‌ಮನ್ 1996ರಲ್ಲಿ ಕೈಗಳನ್ನ ಸೂಪರ್‌ಮ್ಯಾನ್ ಥರ ಮುಂದೆ ಚಾಚಿಕೊಂಡು ಒಂದು ಗಂಟೆಯಲ್ಲಿ 56.375 ಕಿ.ಮೀ. ಹೋದ. ಸೈಕ್ಲಿಂಗಿನ ಜಾಗತಿಕ ಸಂಸ್ಥೆ ಯುಸಿಐ ಆ ಭಂಗಿಯನ್ನ ನಿಷೇಧಿಸಿತು. ಆಮೇಲೆ 1972ರ ಮರ್ಕ್ಸ್ ಕಾಲದಂಥ ಸಾಮಾನ್ಯ ಸೈಕಲ್ಲಿನಲ್ಲಿ ಓಡಿಸಿದರಷ್ಟೇ ಒಂದು ಗಂಟೆಯ ದಾಖಲೆ ಅಂತ ನಿಯಮ ತಂದಿತು. ಅದೇ ಬೋರ್ಡ್‌ಮನ್ 2000ದಲ್ಲಿ ಆ ನಿಯಮದಡಿ ಹೋದದ್ದು 49.441 ಕಿ.ಮೀ. ಮರ್ಕ್ಸ್ ಹೋಗಿದ್ದು 49.431. ಹತ್ತು ಮೀಟರ್ ಅಂತರ! ನಾಲ್ಕು ವರ್ಷದಲ್ಲಿ ವಯಸ್ಸೂ ಆಗಿತ್ತು, ನಿವೃತ್ತಿ ಹತ್ತಿರ ಇತ್ತು, ಆದ್ರೂ ಏಳು ಕಿಲೋಮೀಟರ್ ಇಳಿದಿದ್ದಕ್ಕೆ ಮುಖ್ಯ ಕಾರಣ ಭಂಗಿ ಮತ್ತು ಸಾಮಾನು ಅನ್ನೋದರಲ್ಲಿ ನಮಗೆ ಅನುಮಾನ ಇಲ್ಲ. 2014ರಲ್ಲಿ ಯುಸಿಐ ಆ ನಿಯಮವನ್ನ ಮತ್ತೆ ಸಡಿಲಿಸಿತು, ಅದು ಬೇರೆ ಕಥೆ. ಬೇರೆ ದೇಶಗಳ ಹವ್ಯಾಸಿ ಟೈಮ್ ಟ್ರಯಲ್ಲುಗಳಲ್ಲಿ ಏರೋ ಸಾಮಾನಿಲ್ಲದವರಿಗೆ ಮರ್ಕ್ಸ್ ಹೆಸರಿನಲ್ಲೇ ಬೇರೆ ವಿಭಾಗ ಇಡೋದುಂಟು.

ನಾವು ಒಂದು ಹೆಜ್ಜೆ ಮುಂದೆ ಹೋಗೋಣ ಅಂತೀವಿ. ಕಾಲೇಜಿನ ಮುಂದಿನ ರೇಸ್ ಎಲ್ಲರಿಗೂ ಒಂದೇ ಸೈಕಲ್ಲಿನಲ್ಲಿ ಆಗಲಿ. ಟೈಮ್ ಟ್ರಯಲ್ಲಿನ ಅನುಕೂಲವೇ ಇದು: ಎಲ್ಲರೂ ಒಟ್ಟಿಗೆ ಓಡಬೇಕಾಗಿಲ್ಲ. ಒಂದೇ ಮಾದರಿಯ ಮೂರು ಸೈಕಲ್ ಕ್ಯಾಂಪಸ್ಸಿನಲ್ಲೇ ಸಿಗುತ್ತೆ, ನಾವು ನೋಡಿಟ್ಟಿದೀವಿ. ದೂರವನ್ನ 10 ಕಿ.ಮೀ.ಗೆ ಇಳಿಸಿದರೆ ಒಬ್ಬೊಬ್ಬರಿಗೆ ಇಪ್ಪತ್ತು ನಿಮಿಷ. ಮೂರು ಸೈಕಲ್ಲಿಗೆ ಹನ್ನೆರಡು ಜನ ಅಂದ್ರೆ ನಾಲ್ಕು ಸುತ್ತು, ಎರಡು ಗಂಟೆಯೊಳಗೆ ಮುಗಿಯುತ್ತೆ. ಸೀಟಿನ ಎತ್ತರ ಒಬ್ಬೊಬ್ಬರದು ಅಂತ ಮೊದಲೇ ಟೇಪ್ ಸುತ್ತಿ ಗುರುತು ಹಾಕಿದರಾಯ್ತು. ಬಗ್ಗೋದು, ಬಟ್ಟೆ, ಎದುರುಗಾಳಿಯಲ್ಲಿ ಎಷ್ಟು ತುಳಿಯಬೇಕು, ತಿರುವಿನಲ್ಲಿ ಎಷ್ಟು ಬ್ರೇಕ್ ಹಿಡಿಯಬೇಕು, ಇಷ್ಟರಲ್ಲಿ ಬುದ್ಧಿ ಓಡಿಸಲಿ. ಮೊದಲ ಸುತ್ತಿನವರಿಗೂ ಕೊನೇ ಸುತ್ತಿನವರಿಗೂ ಗಾಳಿ ಒಂದೇ ಇರಲ್ಲ ಅನ್ನೋ ತಕರಾರು ಸರಿಯಾದದ್ದೇ. ಜುಲೈನಲ್ಲಿ ಹೊತ್ತೇರಿದ ಹಾಗೆ ಗಾಳಿ ಜೋರಾಗುತ್ತೆ. ಜನವರಿಯಲ್ಲಿ ಇಟ್ಟುಕೊಂಡರೆ ಆ ತೊಂದರೆ ಕಮ್ಮಿ. ಹುರುಳಿ ಹರಡಿರೋ ಕಡೆ ಮೊದಲೇ ನೋಡಿಕೊಂಡು ಬಂದು, ಅದನ್ನ ಬಿಟ್ಟು ದೂರ ಗುರುತು ಹಾಕಬೇಕು. ರೈತರನ್ನ ಎಬ್ಬಿಸೋ ಅಧಿಕಾರ ನಮಗಿಲ್ಲ.

'ಎಂಜಿನಿಯರಿಂಗ್ ಕಾಲೇಜಿನಲ್ಲಿ ಟೆಕ್ನಾಲಜಿ ಬೇಡ ಅಂತೀರಲ್ಲ' ಅಂತ ಒಬ್ಬ ಸೀನಿಯರ್ ನಕ್ಕರು. ಅವರಿಗೆ ಸ್ಕಾಟ್ಲೆಂಡಿನ ಗ್ರೇಮ್ ಒಬ್ರೀ ಕಥೆ ಹೇಳಿದ್ವಿ. 1993ರ ಜುಲೈನಲ್ಲಿ ನಾರ್ವೆಯಲ್ಲಿ ಒಂದು ಗಂಟೆಯ ದಾಖಲೆಗೆ ಇಳಿದವನು ಅವನು. ತೋಳುಗಳನ್ನ ಎದೆ ಕೆಳಗೆ ಮಡಚಿ ಇಟ್ಟುಕೊಳ್ಳೋ ಭಂಗಿ ತಾನೇ ಕಂಡುಹಿಡಿದು, ಅದಕ್ಕೆ ತಕ್ಕ ಸೈಕಲ್ಲನ್ನೂ ತಾನೇ ಕಟ್ಟಿದ್ದ. ಅದರೊಳಗೆ ವಾಷಿಂಗ್ ಮೆಷಿನ್ನಿನ ಬೇರಿಂಗ್! ಮೊದಲ ದಿನ ಅದರ ಹಾಗೇ ಮಾಡಿಸಿದ ಹೊಸ ಸೈಕಲ್ಲಿನಲ್ಲಿ ಸೋತ. ಮರುದಿನ ತನ್ನ ಹಳೇದನ್ನೇ ಹತ್ತಿ 51.596 ಕಿ.ಮೀ. ಹೋಗಿ ದಾಖಲೆ ಮುರಿದ. ಅಂಥ ಟೆಕ್ನಾಲಜಿ ಬೇಡ ಅಂತ ಯಾರಂದ್ರು? ತಾನೇ ಕೈಯಾರೆ ಮಾಡಿದ ಸಾಮಾನಿಗೆ ಒಂದು ಬೇರೆ ವಿಭಾಗ ಇರಲಿ, ವರ್ಕ್‌ಶಾಪ್ ಲ್ಯಾಬಿನ ಬೀಗ ತೆಗೆದುಕೊಡಿ. ಕಾರ್ಡ್ ಉಜ್ಜಿ ತಂದದ್ದನ್ನ ಎಂಜಿನಿಯರಿಂಗ್ ಅಂತ ಮಾತ್ರ ಕರೀಬೇಡಿ. ಸೀನಿಯರ್ ನಗು ನಿಲ್ಲಿಸಲಿಲ್ಲ, ಆದರೆ ಲ್ಯಾಬ್ ಇನ್‌ಚಾರ್ಜ್ ಹತ್ರ ಮಾತಾಡ್ತೀನಿ ಅಂದಿದಾರೆ.

ನಮ್ಮ ರಾಜ್ಯದ ಒಳ್ಳೇ ಸೈಕ್ಲಿಸ್ಟುಗಳಲ್ಲಿ ಎಷ್ಟೋ ಜನ ವಿಜಯಪುರ, ಬಾಗಲಕೋಟೆ ಕಡೆಯ ಹಳ್ಳಿಗಳಿಂದ ಬಂದವರು. ಯಾರೋ ಅವರ ಕಾಲು ನೋಡಿ ಸೈಕಲ್ ಕೊಟ್ಟಿರಬೇಕು, ಸೈಕಲ್ ನೋಡಿ ವಾಪಸ್ ಕಳಿಸಿದ್ದರೆ ಅವರೂ ಮನೆಗೇ ಹೋಗ್ತಿದ್ರು. ನಮ್ಮ ಜಿಲ್ಲೆಯ ಹುಡುಗನೊಬ್ಬನ ಕಾಲಿನಲ್ಲಿ ಎಷ್ಟು ವ್ಯಾಟ್ ಇದೆ ಅಂತ ನಮಗೆ ಇನ್ನೂ ಗೊತ್ತಿಲ್ಲ, ಯಾಕಂದ್ರೆ ಆವತ್ತು ಅವನು ಓಡಿಸಲೇ ಇಲ್ಲ.

ಮೊನ್ನೆ ಕ್ಯಾಂಟೀನ್ ಹತ್ರ ಸಿಕ್ಕಿದ್ದ. ಒಂದೇ ಸೈಕಲ್ ವಿಷಯ ಹೇಳಿದ್ವಿ. 'ಸೀಟು ಇಳಿಸ್ಕಬೋದಾ ಅಣ್ಣ?' ಅಂತ ಕೇಳಿದ. ಇಳಿಸ್ಕೋಬಹುದು ಅಂದ್ವಿ. 'ನೋಡನ' ಅಂತ ಹೋದ. ಜನವರಿಗೆ ಹನ್ನೆರಡು ಜನ ಬೇಕು, ಸದ್ಯಕ್ಕೆ ಏಳು ಹೆಸರು ಬಂದಿವೆ, ಅವನದ್ದನ್ನ ನಾವು ಪೆನ್ಸಿಲ್ಲಿನಲ್ಲಿ ಬರೆದಿಟ್ಟಿದೀವಿ. ಉಳಿದವರು ಕನ್ನಡ ಸಂಘದ ನೋಟಿಸ್ ಬೋರ್ಡಿನ ಹತ್ರ ಬಂದು ಹೆಸರು ಕೊಡಿ. ಮತ್ತೆ, ಸೀಟ್ ಬಿಚ್ಚೋಕೆ ಒಂದು ಒಳ್ಳೇ ಅಲೆನ್ ಕೀ ಸೆಟ್ ಬೇಕು, ಯಾರ ಹತ್ರ ಇದೆ ಹೇಳಿ.